ಲೆಕ್ಕ ತಪ್ಪದ ಪ್ರೊಸೆಸರ್

1983ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೆಯ ತರಗತಿಯ ಗಣಿತದ ಪುಸ್ತಕಕ್ಕೆ ಹಾಕಿದ್ದ ಕಾಗದದ ಹೊದಿಕೆಗೆ ಇನ್ನೂ ಒಂದು ಮಡಿಕೆ ಬಿದ್ದಿರಲಿಲ್ಲ. ಕೇಣಿ ಎಂಬ ಊರಿನ ನಮ್ಮ ಮನೆಯಲ್ಲಿ ಆ ವರ್ಷ ದುಡಿಯುವ ಕೈ ಒಂದು ಕಡಿಮೆಯಾಯಿತು. ಆ ಜಾಗಕ್ಕೆ ನನ್ನ ಕೈ ಬಂತು. ಇದನ್ನು ಹೇಳಿಕೊಂಡು ಯಾರ ಕನಿಕರವನ್ನೂ ಕೇಳಿದವನಲ್ಲ. ಕಾರವಾರಕ್ಕೆ ಬಂದು, ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಮೇಸ್ತ್ರಿಯೊಬ್ಬರ ಕೈಕೆಳಗೆ ಸೇರಿದೆ.

ರಿವೈಂಡಿಂಗ್ ಎಂದರೆ ಮೊದಲು ಎಣಿಕೆ, ಆಮೇಲೆ ಕೈಕೆಲಸ. ಸುಟ್ಟ ಕಾಯಿಲನ್ನು ಕತ್ತರಿಸಿ, ಅದರಲ್ಲಿ ತಾಮ್ರದ ತಂತಿ ಎಷ್ಟು ಸುತ್ತು ಇತ್ತು ಎಂದು ಎಣಿಸಿ ಬರೆದುಕೊಳ್ಳಬೇಕು. ಹೊಸ ತಂತಿಯನ್ನು ಅಷ್ಟೇ ಸುತ್ತು ಸುತ್ತಬೇಕು. ಹತ್ತು ಸುತ್ತು ಕಡಿಮೆಯಾದರೂ ಮೋಟಾರು ಮೊದಲ ದಿನ ಚೆನ್ನಾಗಿಯೇ ತಿರುಗುತ್ತದೆ. ವಾರದೊಳಗೆ ಸುಟ್ಟು ವಾಪಸು ಬರುತ್ತದೆ. ಮೇಸ್ತ್ರಿ ನನಗೆ ಗೆಣ್ಣಿನ ಎಣಿಕೆ ಕಲಿಸಿದರು. ಬಲಗೈಯಲ್ಲಿ ಒಂದೊಂದೇ ಎಳೆ ಬಿಡಿಸುತ್ತ ಹೋಗುವುದು. ಹತ್ತಾದಾಗ ಎಡಗೈಯ ಹೆಬ್ಬೆರಳನ್ನು ಕಿರುಬೆರಳಿನ ಮೊದಲ ಗೆಣ್ಣಿನ ಮೇಲೆ ಇಡುವುದು, ಇಪ್ಪತ್ತಕ್ಕೆ ಎರಡನೆಯದು, ಮೂವತ್ತಕ್ಕೆ ಮೂರನೆಯದು, ನಲವತ್ತಕ್ಕೆ ಪಕ್ಕದ ಬೆರಳಿಗೆ ದಾಟುವುದು. ಅಲ್ಲಿ ನನ್ನಷ್ಟು ಬೇಗ ಎಣಿಸುವವರು ಬೇರೆ ಇರಲಿಲ್ಲ. ಈ ಮಾತನ್ನು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

1990ರಲ್ಲಿ ನಾನೂ ಅದೇ ಮೇಸ್ತ್ರಿಯ ಬಳಿ ಕೆಲಸ ಕಲಿತ ನನ್ನ ಜೊತೆಗಾರನೂ ಕಾರವಾರದ ಕೋಡಿಬಾಗದಲ್ಲಿ ನಮ್ಮದೇ ಶೆಡ್ಡು ಹಾಕಿದೆವು. ಅವನು ಅವರ್ಸೆಯವನು. ನನಗಿಂತ ಎರಡು ವರ್ಷ ಹೆಚ್ಚು ಓದಿದ್ದ, ಅಕ್ಷರ ದುಂಡಗೆ ಬರುತ್ತಿತ್ತು. ಆದ್ದರಿಂದ ನಾನು ಎಣಿಸುವುದು, ಅವನು ಬರೆಯುವುದು ಎಂದಾಯಿತು. ನಾನು ‘ನಲವತ್ತೆಂಟು’ ಎಂದರೆ ಅವನು ‘ನಲವತ್ತೆಂಟು’ ಎಂದು ತಿರುಗಿ ಹೇಳಿಯೇ ಬರೆಯುತ್ತಿದ್ದ. ನಾನು ‘ಹೂಂ’ ಎಂದ ಮೇಲೆ ಪಕ್ಕದಲ್ಲಿ ಒಂದು ಗೀಟು ಹಾಕುತ್ತಿದ್ದ. ಹದಿಮೂರು ವರ್ಷ ಹೀಗೆ ನಡೆಯಿತು. ಹದಿನಾಲ್ಕು ನೋಟ್‌ಬುಕ್ ತುಂಬಿದವು. ಊರಿನ ಯಾವ ಪಂಪು ಸುಟ್ಟರೂ ಅದರ ಲೆಕ್ಕ ನಮ್ಮ ಕಪಾಟಿನಲ್ಲಿ ಇರುತ್ತಿತ್ತು.

ನನಗೆ ಮದುವೆಯಾಗಲಿಲ್ಲ. ಶೆಡ್ಡಿನ ಹಿಂದಿನ ಕೋಣೆಯಲ್ಲೇ ಇರುತ್ತಿದ್ದೆ. ದಿನವಿಡೀ ಆಡುವ ಮಾತೆಲ್ಲ ಅವನ ಜೊತೆಗೇ ಆಗಿಹೋಗುತ್ತಿದ್ದುದರಿಂದ ಬೇರೆ ಸ್ನೇಹ ಬೇಕು ಎಂದು ಅನಿಸಲೇ ಇಲ್ಲ.

2003ರಲ್ಲಿ ಒಂದು ಐಸ್ ಪ್ಲಾಂಟಿನ ದೊಡ್ಡ ಮೋಟಾರು ಬಂತು. ಸುತ್ತಿ ಕೊಟ್ಟೆವು. ಐದನೆಯ ದಿನ ಸುಟ್ಟಿತು. ಐಸ್ ಇಲ್ಲದೆ ಎರಡು ದೋಣಿಯ ಮೀನು ಹಾಳಾಯಿತು. ಪ್ಲಾಂಟಿನ ಮಾಲೀಕ ಶೆಡ್ಡಿನ ಬಾಗಿಲಲ್ಲಿ ನಿಂತು ಬೈದು ಹೋದ. ಅವನು ಹೋದ ಮೇಲೆ ನೋಟ್‌ಬುಕ್ ತೆಗೆದೆವು. ಮೂವತ್ತೆಂಟು ಸುತ್ತು ಎಂದು ಬರೆದಿತ್ತು. ಅಂಥ ಮೋಟಾರಿಗೆ ನಲವತ್ತೆಂಟು ಇರಬೇಕು ಎಂದು ಇಬ್ಬರಿಗೂ ನೋಡಿದ ಕೂಡಲೇ ಹೊಳೆಯಿತು.

“ನಾ ನಲವತ್ತೆಂಟು ಅಂತ್ಲೇ ಹೇಳಿದ್ದೆ” ಎಂದೆ.

“ಇಲ್ಲ ಮಾರಾಯಾ. ಮೂವತ್ತೆಂಟು ಅಂದೆ. ನಾ ತಿರುಗಿ ಹೇಳ್ದೆ. ನೀ ಹೂಂ ಅಂದೆ. ಗೀಟು ಅದೆ ನೋಡು.”

“ಗೀಟು ಹಾಕೂಕೆ ಯಾರಿಗೂ ಬತ್ತದೆ.”

ಅವನು ನೋಟ್‌ಬುಕ್ ಮುಚ್ಚಿದ. “ಹಂಗಾರೆ ನಾ ಈಗ ಗೀಟು ಹಾಕ್ದೆ ಅಂತ್ಯಾ?” ಎಂದ.

ನಾನು ಅಲ್ಲ ಎನ್ನಬೇಕಿತ್ತು. ಎನ್ನಲಿಲ್ಲ. ಆ ತಿಂಗಳ ಕೊನೆಗೆ ಅವನು ಅಂಕೋಲೆಗೆ ಹೋಗಿ ಬೇರೆ ಶೆಡ್ಡು ಹಾಕಿದ. ನೋಟ್‌ಬುಕ್‌ಗಳನ್ನು ಎರಡು ಸಾಲು ಇಟ್ಟು ಏಳು ಅವನಿಗೆ, ಏಳು ನನಗೆ ಎಂದು ಹಂಚಿಕೊಂಡೆವು. ಐಸ್ ಪ್ಲಾಂಟಿನ ಪುಟ ಅವನ ಸಾಲಿಗೆ ಹೋಯಿತು.

ಅದರ ಮೇಲೆ ಎರಡು ಊರಿನಲ್ಲಿ ಇಬ್ಬರೂ ಅರ್ಧರ್ಧ ಲೆಕ್ಕ ಇಟ್ಟುಕೊಂಡು ಕುಳಿತೆವು. ನನ್ನಲ್ಲಿಗೆ ಬಂದ ಮೋಟಾರಿನ ಲೆಕ್ಕ ಅವನ ನೋಟ್‌ಬುಕ್ಕಿನಲ್ಲಿದೆ ಎಂದು ಗೊತ್ತಿದ್ದೂ ನಾನು ಮತ್ತೆ ಮೊದಲಿನಿಂದ ಎಣಿಸುತ್ತಿದ್ದೆ. ಅವನೂ ಅದನ್ನೇ ಮಾಡುತ್ತಿದ್ದನೆಂದು ಆಮೇಲೆ ತಿಳಿಯಿತು. ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಇಬ್ಬರೂ ಮಾಡಲಿಲ್ಲ.

ಈಗ ಎಣಿಸುವವನೂ ನಾನೇ, ಬರೆಯುವವನೂ ನಾನೇ. ಕೆಲವು ದಿನ ಸಂಖ್ಯೆಯನ್ನು ಜೋರಾಗಿ ಹೇಳಿ, ಆಮೇಲೆ ನಾನೇ ತಿರುಗಿ ಹೇಳಿ ಬರೆಯುತ್ತಿದ್ದೆ. ಒಮ್ಮೆ ಬಾಗಿಲಲ್ಲಿ ನಿಂತಿದ್ದ ಗಿರಾಕಿಯೊಬ್ಬರು ಒಳಗೆ ಇಣುಕಿ, “ಮೇಸ್ತ್ರಿ, ಯಾರ್ ಹತ್ರ ಮಾತಾಡ್ತಿದ್ರಿ?” ಎಂದು ಕೇಳಿದರು. ಅಂದಿನಿಂದ ಬಾಯಿ ಮುಚ್ಚಿ ಬರೆಯತೊಡಗಿದೆ.

ಮಳೆಗಾಲದ ತೇವಕ್ಕೆ ನೋಟ್‌ಬುಕ್ಕಿನ ಶಾಯಿ ಹರಡಲು ಶುರುವಾದಾಗ ಕಂಪ್ಯೂಟರ್ ವಿಚಾರ ತಲೆಗೆ ಬಂತು. 2005ನೇ ಇಸವಿ. ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟವರೊಬ್ಬರು ನನಗೆ ಪರಿಚಯ. ಮನೆಯ ಮಾತು ಕೊಂಕಣಿ, ನಗೆಮಾತಿನ ಮನುಷ್ಯ. ಅವರ ಜನರೇಟರ್ ಸರಿಮಾಡಲು ಹೋದಾಗ ವಿಚಾರಿಸಿದೆ. ಲೆಕ್ಕ ಇಡಲು ಯಾವ ಕಂಪ್ಯೂಟರ್ ಒಳ್ಳೆಯದು, ಅದು ಯಾವತ್ತಾದರೂ ಸಂಖ್ಯೆ ತಪ್ಪು ಮಾಡುತ್ತದೆಯೇ?

“ಕಂಪ್ಯೂಟರ್ ತಪ್ಪು ಮಾಡೂದಿಲ್ಲ ಅಂತ ಜನ ಹೇಳ್ತಾರೆ. ಮಾಡ್ತದೆ, ವರ್ಷಕ್ಕೋ ಎರಡು ವರ್ಷಕ್ಕೋ ಒಂದು. ಒಳಗಿನ ಮೆಮೊರಿಯಲ್ಲಿ ಒಂದು ಅಂಕೆ ತನ್ನಷ್ಟಕ್ಕೆ ತಿರುಗಿಬಿಡ್ತದೆ. ಯಾರಿಗೂ ಗೊತ್ತೇ ಆಗೂದಿಲ್ಲ” ಎಂದರು.

“ಅದಕ್ಕೆ ಮದ್ದಿಲ್ವಾ?”

ಅವರು ಕಪಾಟಿನಿಂದ ಎರಡು ಮೆಮೊರಿ ಪಟ್ಟಿ ತೆಗೆದು ಮೇಜಿನ ಮೇಲೆ ಇಟ್ಟರು. ಒಂದರ ಮೇಲೆ ಕಪ್ಪು ಚಿಪ್ ಎಂಟು. ಇನ್ನೊಂದರ ಮೇಲೆ ಒಂಬತ್ತು.

“ಪಳೆ, ಇಲ್ಲಿ ನೋಡಿ ಮೇಸ್ತ್ರಿ, ಈ ಎಂಟು ಕೆಲಸ ಮಾಡ್ತವೆ. ಒಂಬತ್ತನೇದು ಕಾವಲು. ಉಳಿದವು ಬರೆದದ್ದು ಸರಿ ಉಂಟೋ ಇಲ್ವೋ ನೋಡೂದೇ ಅದ್ರ ಕೆಲಸ. ತಪ್ಪಿದ್ರೆ ತಿದ್ದಿಸ್ತದೆ.”

ನಾನು ಆ ಒಂಬತ್ತನೆಯದನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಜೊತೆಗಾರ ಸಂಖ್ಯೆಯನ್ನು ತಿರುಗಿ ಹೇಳುತ್ತಿದ್ದುದು ನೆನಪಾಯಿತು. ಇಂಥದ್ದೇ ಬೇಕು ಎಂದೆ.

“ಇದು ಸಾದಾ ಪ್ರೊಸೆಸರಿಗೆ ಹತ್ತೂದಿಲ್ಲ. ಸರ್ವರಿಗೆ ಹಾಕೂ ಪ್ರೊಸೆಸರ್ ಬೇಕು. ಬ್ಯಾಂಕಿನವ್ರು ತಕೊಳ್ಳೂದು. ಹಗಲು ರಾತ್ರಿ ನಿಲ್ಲದೇ ಓಡೂ ಸಾಮಾನು. ನಿಮ್ದು ಎಷ್ಟು ಮೋಟಾರು ಲೆಕ್ಕ? ಐನೂರು? ಆರ್ನೂರು? ಇಲಿ ಹಿಡೀಲಿಕ್ಕೆ ಜೆಸಿಬಿ ತರ್ತ್ರಿ ನೀವು.”

“ತರ್ತೆ” ಎಂದೆ.

ಅದರ ಮೇಲೆ ಮೂರು ತಿಂಗಳು ನಾನು ಪ್ರೊಸೆಸರ್ ಆರಿಸುವುದರಲ್ಲೇ ಇದ್ದೆ. ಅವರು ಎರಡು ಕಂಪನಿಯ ಸರ್ವರ್ ಪ್ರೊಸೆಸರುಗಳ ವಿವರ ಇಂಗ್ಲಿಷಿನಲ್ಲಿ ಮುದ್ರಿಸಿ ಕೊಟ್ಟರು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಶೆಡ್ಡಿನ ಬಾಗಿಲು ಅರ್ಧ ಎಳೆದುಕೊಂಡು ಆ ಹಾಳೆಗಳನ್ನು ಓದುತ್ತಿದ್ದೆ. ಗೊತ್ತಾಗದ ಪದಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಸೋಮವಾರ ಹೋಗಿ ಕೇಳುತ್ತಿದ್ದೆ. ನಿಜ ಹೇಳಬೇಕೆಂದರೆ ಕೇಳುವ ನೆಪದಲ್ಲಿ ಅಲ್ಲಿ ಹೋಗಿ ಕುಳಿತು ಬರುವುದೂ ಇತ್ತು. ವಾರದಲ್ಲಿ ಕೆಲಸದ ಮಾತು ಬಿಟ್ಟು ನಾನು ಆಡುತ್ತಿದ್ದ ಮಾತು ಅಷ್ಟೇ.

ಮೊದಲನೆಯ ಕಂಪನಿಯದು ಓಟದಲ್ಲಿ ದೊಡ್ಡದು. ಮೂರಕ್ಕಿಂತ ಹೆಚ್ಚು ಗಿಗಾಹರ್ಟ್ಸ್. ಎರಡನೆಯದು ಎರಡು ಗಿಗಾಹರ್ಟ್ಸ್‌ಗೂ ಕಡಿಮೆ. ಅಂಗಡಿಗೆ ಬಂದ ಕಾಲೇಜಿನವರೆಲ್ಲ ಮೊದಲನೆಯದನ್ನೇ ಹೊಗಳುತ್ತಿದ್ದರು. ಆದರೆ ನಾನು ಇಪ್ಪತ್ತು ವರ್ಷ ಮೋಟಾರಿನ ನೇಮ್ ಪ್ಲೇಟ್ ಓದಿದವನು. ವೇಗದ ಸಂಖ್ಯೆ ನೋಡಿ ಮೋಟಾರು ಆರಿಸುವವನು ಹೊಸಬ. ಕೆಲಸ ಬಲ್ಲವನು ಮೊದಲು ನೋಡುವುದು, ಅದು ಬಿಡುವಿಲ್ಲದೆ ತಿರುಗುವುದಕ್ಕೆ ಮಾಡಿದ್ದೋ, ನಿಂತು ನಿಂತು ತಿರುಗುವುದಕ್ಕೆ ಮಾಡಿದ್ದೋ ಎಂದು. ಆಮೇಲೆ ಶಾಖ. ಮೈಯ ಮೇಲೆ ಅಂಗೈ ಇಟ್ಟು ಇಪ್ಪತ್ತು ಎಣಿಸುವವರೆಗೆ ತಡೆಯಲು ಆಗಬೇಕು. ಆಗದಿದ್ದರೆ ಆ ಮೋಟಾರಿಗೆ ಆಯುಷ್ಯವಿಲ್ಲ. ಹಾಳೆಯಲ್ಲಿ ಶಾಖದ ಸಾಲು ಹುಡುಕಿದೆ. ಓಟದಲ್ಲಿ ದೊಡ್ಡದಾದದ್ದು ಶಾಖದಲ್ಲೂ ದೊಡ್ಡದಿತ್ತು. ಕಾರವಾರದ ಸೆಕೆಯಲ್ಲಿ ಫ್ಯಾನು ಬಿಟ್ಟರೆ ಬೇರೆ ತಂಪಿಲ್ಲದ ನನ್ನ ಕೋಣೆಗೆ ಅದು ಹೊಂದುವುದಿಲ್ಲ ಎಂದು ಗುರುತು ಹಾಕಿದೆ.

ಇನ್ನೊಂದು ವಿಷಯ ಅರ್ಥ ಮಾಡಿಕೊಳ್ಳಲು ಎರಡು ಸೋಮವಾರ ಬೇಕಾಯಿತು. ಮೊದಲನೆಯದರಲ್ಲಿ ಮೆಮೊರಿಯನ್ನು ನೋಡಿಕೊಳ್ಳುವ ಭಾಗ ಬೋರ್ಡಿನ ಮೇಲೆ ಬೇರೆ ಕಡೆ ಇತ್ತು. ಎರಡನೆಯದರಲ್ಲಿ ಅದು ಪ್ರೊಸೆಸರಿನ ಒಳಗೇ ಇತ್ತು.

“ಅಂದ್ರೆ ಎಣಿಸೂವವ್ನೂ ಬರೆಯೂವವ್ನೂ ಒಂದೇ ಮೇಜಿಗೆ ಕೂತಂಗೆ” ಎಂದೆ.

ಅಂಗಡಿಯವರು ನಕ್ಕರು. “ಹಂಗೇ ಅಂತ ಇಟ್ಕೊಳ್ಳಿ. ಇಷ್ಟು ದಿನಕ್ಕೆ ಹುಡುಗಿ ನೋಡಿದ್ರೆ ಮದುವೆ ಆಗಿ ಮಗು ಹುಟ್ಟಿ, ಹೆಸರಿಡೂ ಬಾರ್ಸಾನೂ ಆಗ್ತಿತ್ತು ಮೇಸ್ತ್ರಿ.”

ನಾನೂ ನಕ್ಕೆ. ಎರಡನೆಯದನ್ನೇ ತರಿಸಿ ಎಂದೆ. ಅದಕ್ಕೆ ಹೊಂದುವ ಬೋರ್ಡು, ಒಂಬತ್ತು ಚಿಪ್ಪಿನ ಮೆಮೊರಿ ಪಟ್ಟಿ ನಾಲ್ಕು. ಮುಂಬಯಿಯಿಂದ ಬರಲು ಇಪ್ಪತ್ತು ದಿನ ಹಿಡಿಯಿತು. ಜೋಡಿಸಿ ಕೊಡುತ್ತೇನೆ ಎಂದು ಅವರು ಹೇಳಿದರು. ಮೋಟಾರನ್ನು ಬಿಚ್ಚಿ ಕಟ್ಟುವವನಿಗೆ ಇದೇನು ದೊಡ್ಡದು ಎಂದು ಪೆಟ್ಟಿಗೆಗಳನ್ನು ಶೆಡ್ಡಿಗೆ ತಂದೆ.

ಅಲ್ಲಿ ನಾನು ಮಾಡಿದ ಕೆಲಸವನ್ನು ಬೇರೆ ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತೇನೆ. ನಮ್ಮ ಕಸುಬಿನಲ್ಲಿ ಸುತ್ತಿದ ತಂತಿಗೆ ವಾರ್ನಿಶ್ ಹೊಡೆಯದೆ ಮೋಟಾರು ಹೊರಗೆ ಕೊಡುವುದಿಲ್ಲ. ಸಮುದ್ರದ ಉಪ್ಪುಗಾಳಿ ತಾಮ್ರವನ್ನು ತಿಂದುಬಿಡುತ್ತದೆ. ಬೋರ್ಡಿನ ಮೇಲೆ ಅಷ್ಟೊಂದು ಸಣ್ಣ ಲೋಹದ ಕಾಲುಗಳು ಬರಿಮೈಯಲ್ಲಿ ನಿಂತದ್ದು ನೋಡಿ ನನಗೆ ಸಮಾಧಾನವಾಗಲಿಲ್ಲ. ಮುಂಬಯಿಯ ಅಂಗಡಿಯವರಿಗೆ ಕೋಡಿಬಾಗದ ಗಾಳಿ ಗೊತ್ತಿಲ್ಲ ಎಂದುಕೊಂಡೆ. ಪ್ರೊಸೆಸರ್ ಕೂರುವ ಜಾಗಕ್ಕೆ ಟೇಪು ಅಂಟಿಸಿ, ತೆಳು ಕುಂಚದಿಂದ ಇಡೀ ಬೋರ್ಡಿಗೆ ವಾರ್ನಿಶ್ ಹೊಡೆದು ಬಿಸಿಲಿಗೆ ಇಟ್ಟೆ. ಮೆಮೊರಿ ಪಟ್ಟಿ ಕೂರುವ ಸೀಳುಗಳಿಗೆ ಟೇಪು ಹಾಕಿರಲಿಲ್ಲ. ವಾರ್ನಿಶ್ ತಾನಾಗಿಯೇ ಹರಿದು ಒಳಗಿಳಿಯಿತು.

ಜೋಡಿಸಿ ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ಪರದೆ ಕಪ್ಪಗೇ ಉಳಿಯಿತು. ಎರಡು ದಿನ ಯಾರಿಗೂ ಹೇಳದೆ ಅದರ ಮುಂದೆ ಕುಳಿತಿದ್ದೆ. ಮೂರನೆಯ ದಿನ ಅಂಗಡಿಯವರೇ ಬಂದರು. ಬೋರ್ಡನ್ನು ಬೆಳಕಿಗೆ ಹಿಡಿದು, ಮೂಸಿ ನೋಡಿದರು.

“ಅರೆ ದೇವಾ. ಇದಕ್ಕೆ ಪಾಲಿಶ್ ಯಾರು ಹೊಡೆದ್ರು?”

ನಾನು ವಾರ್ನಿಶಿನ ಡಬ್ಬಿಯನ್ನು ಮೇಜಿನ ಕೆಳಗೆ ಸರಿಸಿದೆ. ಅವರು ಬೇರೆ ಬೋರ್ಡು ತರಿಸುತ್ತೇನೆ ಎಂದರು. ಬೇಡ ಎಂದೆ. ನಾನು ಕೆಡಿಸಿದ್ದನ್ನು ನಾನೇ ಸರಿಮಾಡಬೇಕು. ಹನ್ನೊಂದು ದಿನ, ದಿನಕ್ಕೆ ಎರಡು ತಾಸು, ಪೊರಕೆಯ ಹಿಡಿಕಡ್ಡಿಗೆ ಹತ್ತಿ ಸುತ್ತಿ, ಥಿನ್ನರಿನಲ್ಲಿ ಅದ್ದಿ, ಆ ಸೀಳುಗಳ ಒಂದೊಂದು ಹಲ್ಲನ್ನೂ ಒರೆಸಿದೆ. ನಾಲ್ಕು ಸೀಳುಗಳಲ್ಲಿ ಎರಡು ಬದುಕಿದವು. ಪರದೆಯಲ್ಲಿ ಬಿಳಿ ಅಕ್ಷರ ಮೂಡಿದಾಗ ಶೆಡ್ಡಿನಲ್ಲಿ ನಾನೊಬ್ಬನೇ ಇದ್ದೆ. ಎದ್ದು ಕೈ ತೊಳೆದುಕೊಂಡು ಬಂದು ಮತ್ತೆ ನೋಡಿದೆ. ಪ್ರೊಸೆಸರಿನ ಮೇಲೆ ಶಾಖ ಹೀರಲು ಕೂರಿಸಿದ ತಾಮ್ರದ ಗಟ್ಟಿಗೆ ಬೆರಳು ಒತ್ತಿ ಇಪ್ಪತ್ತು ಎಣಿಸಿದೆ. ತಡೆಯಿತು.

ಆ ಚಳಿಗಾಲವೆಲ್ಲ ನನ್ನ ಏಳು ನೋಟ್‌ಬುಕ್ ಮತ್ತು ಒಬ್ಬನೇ ಬರೆದ ಮೂರು ನೋಟ್‌ಬುಕ್ಕಿನ ಲೆಕ್ಕವನ್ನು ಅದರೊಳಗೆ ಹಾಕಿದೆ. ಎರಡು ಬೆರಳಿನ ಟೈಪಿಂಗು. ಎಲ್ಲ ಮುಗಿದ ಮೇಲೆ, ಒಂದೇ ತರಹದ ಮೋಟಾರುಗಳನ್ನು ಒಟ್ಟಿಗೆ ಸೇರಿಸಿ ತೋರಿಸುವ ಉಪಾಯವನ್ನು ಅಂಗಡಿಯವರು ಹೇಳಿಕೊಟ್ಟರು. ಗುಂಡಿ ಒತ್ತಿದೆ. ನೋಟ್‌ಬುಕ್ಕಿನಲ್ಲಿ ಬೇರೆ ಬೇರೆ ವರ್ಷಗಳಲ್ಲಿ ಹರಡಿದ್ದ ಸಾಲುಗಳು ಒಂದರ ಕೆಳಗೆ ಒಂದು ಬಂದು ನಿಂತವು.

ಒಂದು ಕಂಪನಿಯ ಐದು ಎಚ್‌ಪಿ ಪಂಪು. ಹಳೆಯ ನೋಟ್‌ಬುಕ್ಕಿನಲ್ಲಿ ನಾಲ್ಕು ಸಲ ಬಂದಿತ್ತು, ನಾಲ್ಕು ಸಲವೂ ನಲವತ್ತನಾಲ್ಕು ಸುತ್ತು. ಅದೇ ಪಂಪಿಗೆ ನಾನೊಬ್ಬನೇ ಎಣಿಸಿ ಬರೆದದ್ದು ಮೂವತ್ತನಾಲ್ಕು. ಕೆಳಗೆ ಇನ್ನೊಂದು, ನಲವತ್ತೇಳಕ್ಕೆ ಮೂವತ್ತೇಳು. ಮತ್ತೊಂದು, ನಲವತ್ತೊಂದಕ್ಕೆ ಮೂವತ್ತೊಂದು. ಮೂರೂ ಸುಟ್ಟು ವಾಪಸು ಬಂದಿದ್ದವು. ಮೂರೂ ಸಲ ನಾನು ಗಿರಾಕಿಗಳಿಗೆ ನಿಮ್ಮ ಲೈನಿನ ವೋಲ್ಟೇಜು ಸರಿ ಇಲ್ಲ ಎಂದು ಹೇಳಿ ಕಳಿಸಿದ್ದೆ.

ನನ್ನ ಎಡಗೈಯನ್ನು ನೋಡಿಕೊಂಡೆ. ಹೆಬ್ಬೆರಳಿನಿಂದ ಎಣಿಸಿದೆ. ಹತ್ತು, ಇಪ್ಪತ್ತು, ಮೂವತ್ತು. ನಲವತ್ತಕ್ಕೆ ಕಿರುಬೆರಳು ಬಿಟ್ಟು ಪಕ್ಕದ ಬೆರಳಿಗೆ ದಾಟಬೇಕು. ಬೇಗ ಎಣಿಸುವಾಗ ಕೆಲವು ಸಲ ಹೆಬ್ಬೆರಳು ದಾಟುವುದಿಲ್ಲ, ಮೂವತ್ತರ ಗೆಣ್ಣಿನ ಮೇಲೇ ನಿಲ್ಲುತ್ತದೆ. ಐಸ್ ಪ್ಲಾಂಟಿನ ನಲವತ್ತೆಂಟು ಮೂವತ್ತೆಂಟಾದದ್ದು ಅಲ್ಲಿ. ನಾನು ಮೂವತ್ತೆಂಟು ಎಂದೇ ಹೇಳಿದ್ದೆ. ಅವನು ಅದನ್ನೇ ತಿರುಗಿ ಹೇಳಿದ್ದ. ಬರೆದವನ ತಪ್ಪು ಕಾಯುವ ಯಂತ್ರ ಹುಡುಕುವುದಕ್ಕೆ ನಾನು ಅಷ್ಟು ತಿಂಗಳು ಕಳೆದಿದ್ದೆ, ಆದರೆ ತಪ್ಪು ಇದ್ದದ್ದು ಎಣಿಸಿದವನಲ್ಲಿ.

ಮೊದಲು ಆ ಮೂರು ಗಿರಾಕಿಗಳ ಮನೆಗೆ ಹೋದೆ. ಎರಡು ಶಿರವಾಡದಲ್ಲಿ, ಒಂದು ಪೇಟೆಯಲ್ಲಿ. ತಪ್ಪು ನನ್ನದಿತ್ತು ಎಂದು ಹೇಳಿ, ಮೋಟಾರು ತಂದು, ಬಿಟ್ಟಿಯಾಗಿ ಸುತ್ತಿ ಕೊಟ್ಟೆ. ಅದು ಸುಲಭವಾಯಿತು. ಅಂಕೋಲೆಯ ಬಸ್ಸು ಹತ್ತಲು ಮತ್ತೆ ಒಂದೂವರೆ ತಿಂಗಳು ಬೇಕಾಯಿತು. ಎರಡು ಸಲ ನಿಲ್ದಾಣದವರೆಗೆ ಹೋಗಿ ತಿರುಗಿ ಬಂದೆ. ಅವನು ನನ್ನನ್ನು ಮಾತನಾಡಿಸದೆ ಕಳಿಸಿದರೆ, ಆಮೇಲೆ ಹೋಗುವುದಕ್ಕೆ ಇನ್ನೊಂದು ಜಾಗ ನನಗಿರಲಿಲ್ಲ.

ಅವನ ಶೆಡ್ಡು ನಮ್ಮ ಹಳೆಯ ಶೆಡ್ಡಿನಂತೆಯೇ ಇತ್ತು. ಅವನು ಮೇಜಿನ ಮುಂದೆ ಪೆನ್ನು ಹಿಡಿದು ಕುಳಿತಿದ್ದ. ಎದುರಿಗೆ ಅವನ ಹೆಂಡತಿ ಕತ್ತರಿಸಿದ ಕಾಯಿಲು ಹಿಡಿದು ಎಳೆ ಎಣಿಸುತ್ತಿದ್ದಳು. ಹತ್ತಾದಾಗಲೆಲ್ಲ ಒಂದು ಹುಣಸೆಬೀಜವನ್ನು ಡಬ್ಬಿಗೆ ಹಾಕುತ್ತಿದ್ದಳು. ಅವಳು “ಐವತ್ತೆರಡು” ಎಂದಳು. ಅವನು “ಐವತ್ತೆರಡು” ಎಂದು ಬರೆದು ತಲೆಯೆತ್ತಿದ.

“ಬಾರಾ” ಎಂದ, ನಿನ್ನೆ ಬಂದು ಹೋದವನಿಗೆ ಹೇಳುವ ಹಾಗೆ. “ಕಂಪ್ಯೂಟರ್ ಸಾಹೇಬ್ರು ಬಂದ್ರು. ಕುರ್ಚಿ ಒರೆಸಿ ಕೊಡೇ.”

“ನಿಂಗೆ ಯಾರು ಹೇಳಿದ್ರು?”

“ಅಂಕೋಲೆ ಏನು ಅಮೆರಿಕಾನಾ? ಪ್ರೊಸೆಸರ್ ತಕಂಡದ್ದೂ ಗೊತ್ತು, ವಾರ್ನಿಶ್ ಹೊಡೆದದ್ದೂ ಗೊತ್ತು.”

ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. “ಬಾವಾ, ಆಸರಿಗೆ ಏನು ತರ್ಲಿ? ಚಾ ಆಗ್ತದಾ?” ಎಂದು ಎದ್ದು ಒಳಗೆ ಹೋದಳು.

ನಾನು ಕುಳಿತುಕೊಳ್ಳಲಿಲ್ಲ. ನಿಂತೇ ಹೇಳಿದೆ. “ಆ ಐಸ್ ಪ್ಲಾಂಟಿಂದು. ಎಣಿಕೆ ತಪ್ಪಿದ್ದು ನಂದು. ನಾ ಮೂವತ್ತೆಂಟೇ ಅಂದದ್ದು.”

ಅವನು ಪೆನ್ನಿಗೆ ಮುಚ್ಚಳ ಹಾಕಿದ.

“ನಂಗೊತ್ತದೆ.”

“ಗೀಟಿನ ಮಾತೂ ಆಡಬಾರ್ದಿತ್ತು.”

“ಹೌದು. ಆಡಬಾರ್ದಿತ್ತು” ಎಂದ. ನೋಟ್‌ಬುಕ್ ಬದಿಗೆ ಸರಿಸಿ, “ಈಗ ಹೆಂಗೆ ಗೊತ್ತಾಯ್ತು? ಮಶೀನ್ ಹೇಳ್ತಾ?” ಎಂದು ಕೇಳಿದ.

ಗೆಣ್ಣಿನ ವಿಷಯ ಹೇಳಿದೆ. ಎಡಗೈ ಚಾಚಿ ತೋರಿಸಿದೆ. ಅವನು ಬೆರಳು ಹಿಡಿದು ನೋಡಿ, ತಾನೂ ಒಂದು ಸಲ ಎಣಿಸಿ ನೋಡಿದ. “ಹದಿಮೂರು ವರ್ಷ ಈ ಬೆರಳು ನಂಬ್ಕಂಡು ಬರೆದೆ ಮಾರಾಯಾ ನಾನು” ಎಂದ. ಸಿಟ್ಟಿನಿಂದ ಹೇಳಿದ್ದಲ್ಲ. ನಗುತ್ತಲೂ ಇರಲಿಲ್ಲ.

ಚಾ ಕುಡಿದೆವು. ನೋಟ್‌ಬುಕ್ ಕೇಳಿದೆ, ಲೆಕ್ಕ ಪೂರ್ತಿಯಾದರೆ ಇಬ್ಬರಿಗೂ ಒಂದೊಂದು ಪ್ರತಿ ಮುದ್ರಿಸುತ್ತೇನೆ ಎಂದೆ. ಕೊಡುತ್ತೇನೆ, ಎರಡೆರಡೇ ಒಯ್ಯಿ ಎಂದ. ಆಮೇಲೆ, ನಾನು ಬಂದಿದ್ದ ನಿಜವಾದ ಕೆಲಸದ ಮಾತು ತೆಗೆದೆ.

“ಕೋಡಿಬಾಗದ ಶೆಡ್ಡಿನಲ್ಲಿ ಜಾಗ ಹಂಗೇ ಅದೆ. ತಿರುಗಿ ಬರ್ತ್ಯಾ?”

ಅವನು ಹೆಂಡತಿಯ ಕಡೆ ನೋಡಿದ. ಅವಳು ಆಗಲೇ ಮುಂದಿನ ಕಾಯಿಲು ಕೈಗೆತ್ತಿಕೊಂಡಿದ್ದಳು.

“ಇಲ್ಲೇ ಎಲ್ಲ ಸಮ ಆಗ್ಯದೆ ಮಾರಾಯಾ. ಇವ್ಳ ಎಣಿಕೆ ಒಂದೂ ತಪ್ಪೂದಿಲ್ಲ. ಬಿಟ್ಟು ಬರೂಕೆ ಆಗೂದಿಲ್ಲ” ಎಂದ. ಹೊರಡುವಾಗ, “ಮಶೀನ್ ನೋಡೂಕೆ ಒಂದಿನ ಬತ್ತೆ” ಎಂದೂ ಸೇರಿಸಿದ.

ಎರಡು ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ತಿರುಗಿ ಬಂದೆ. ಉಳಿದವು ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೋಗಿ ಬಂದವು. ಮುದ್ರಿಸಿದ ಪ್ರತಿಯೂ ಹಾಗೆಯೇ ಹೋಯಿತು. ಈಗ ಯಾವುದಾದರೂ ಮೋಟಾರಿನ ಅನುಮಾನ ಬಂದರೆ ಅವನು ಫೋನು ಮಾಡುತ್ತಾನೆ, ನಾನೂ ಮಾಡುತ್ತೇನೆ. ಸಂಖ್ಯೆ ಹೇಳಿ ಇಟ್ಟುಬಿಡುತ್ತೇವೆ. ನೋಡಲು ಒಂದು ದಿನ ಬರುತ್ತೇನೆ ಎಂದವನು ಬಂದಿಲ್ಲ. ಕೆಲಸ ಇರುತ್ತದೆ. ನಾನೂ ಒತ್ತಾಯಿಸಿಲ್ಲ.

ಇದನ್ನು ಬರೆಯುತ್ತಿರುವುದು 2009ರಲ್ಲಿ. ನನ್ನಲ್ಲಿ ಈಗ ಇರುವುದು ಬಾಡಿಗೆಯ ಶೆಡ್ಡು ಒಂದು, ಅದರ ಹಿಂದೆ ಕೋಣೆ ಒಂದು, ನಾಲ್ಕು ವರ್ಷದಿಂದ ಒಮ್ಮೆಯೂ ಕೆಡದ ಕಂಪ್ಯೂಟರ್ ಒಂದು, ಅದರೊಳಗೆ ಆರುನೂರ ಹದಿನೇಳು ಮೋಟಾರುಗಳ ಲೆಕ್ಕ, ಸರದಿಗೆ ಕಾದಿರುವ ಪಂಪು ನಾಲ್ಕು, ಫೋನಿನಲ್ಲಿ ಅಂಕೋಲೆಯ ನಂಬರು ಒಂದು.